ಎಡಗೈ ಗಂಟು

ಫೆಬ್ರವರಿ 9

ಈ ಕವರು ಒಡೆದು ಓದುತ್ತಿರುವವರೇ,

ಮೊದಲು ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳಿ. ನಿಮ್ಮ ವಿಮಾ ಕಚೇರಿಯಲ್ಲಿ ಓದಲು ಬರುವವರು ಒಬ್ಬರಾದರೂ ಇದ್ದೀರೋ, ಇಲ್ಲ ಎಲ್ಲರೂ ಮುದ್ರೆ ಒತ್ತುವವರೋ? ಒಂದೇ ಫಾರಂ ಮೂರು ಸಲ ಕಳಿಸಿದಿರಿ. ಮೂರು ಸಲವೂ ತುಂಬಿ ಕಳಿಸಿದೆ. ನಿನ್ನೆ ನಾಲ್ಕನೆಯದು ಬಂತು. ಕಿವುಡನ ಮುಂದೆ ಕೂಗಿದರೆ ತುಟಿ ಅಲ್ಲಾಡುವುದನ್ನಾದರೂ ನೋಡುತ್ತಾನೆ. ನಿಮಗೆ ಅಷ್ಟೂ ಆಗಲಿಲ್ಲ.

ಅದಕ್ಕೇ ಫಾರಂ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು. ಮಿಕ್ಕಿದ್ದೆಲ್ಲ ಹೊಲಿಯುವಾಗ ಪುಸ್ತಕಗಳಿಂದ ಕದ್ದು ಓದಿದ್ದು. ನಮ್ಮದು ಪುಸ್ತಕ ಬೈಂಡು ಮಾಡುವ ಅಂಗಡಿ. ನಲವತ್ತನಾಲ್ಕು ವರ್ಷದ್ದು, ನನ್ನ ಹೆಸರಿನಲ್ಲಿರುವುದು. ಶಾಲೆಗಳ ಹಾಜರಿ ಪುಸ್ತಕ, ಆಸ್ಪತ್ರೆಯ ರಿಜಿಸ್ಟರು, ನಿಮ್ಮಂಥ ಕಚೇರಿಗಳ ದಪ್ಪ ದಪ್ಪ ಕಡತ, ಎಲ್ಲ ನಮ್ಮಲ್ಲಿ ಹೊಲಿಗೆ ಹಾಕಿಸಿಕೊಂಡು ಹೋಗುತ್ತವೆ.

ಜನವರಿ 12ರಂದು ನನ್ನ ಸೊಸೆಯ ಬಲಗೈ ಕಟಿಂಗ್ ಮಿಷನ್ನಿನಲ್ಲಿ ಸಿಕ್ಕಿತು. ಪುಸ್ತಕದ ಅಂಚು ಸಮ ಮಾಡುವ ಮಿಷನ್ನು ಅದು. ಸಿಕ್ಕಿಕೊಂಡ ಕಾಗದ ತೆಗೆಯಲು ಹೋದಳು, ಬ್ಲೇಡು ಇಳಿಯಿತು. ಬೆರಳು ಉಳಿದಿವೆ, ಮಡಚಲು ಬರುವುದಿಲ್ಲ. ಎರಡನೇ ಆಪರೇಷನ್ ಆಗಬೇಕು. ನೀವು ಒಪ್ಪಿಗೆ ಪತ್ರ ಕೊಟ್ಟರೆ ಮಾತ್ರ ಆಸ್ಪತ್ರೆಯವರು ದಿನ ಗೊತ್ತು ಮಾಡುತ್ತಾರೆ.

ನಿಮ್ಮ ಕಡೆಯಿಂದ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬರು ಬಂದರು. ಮಿಷನ್ನಿಗೆ ಮುಂದಿನಿಂದ, ಹಿಂದಿನಿಂದ, ಮದುಮಗನಿಗೆ ತೆಗೆದ ಹಾಗೆ ಫೋಟೋ ತೆಗೆದರು. ಆಮೇಲೆ ಅದಕ್ಕೊಂದು ಕಾಗದದ ಸೀಲು ಅಂಟಿಸಿ, ಆಡಿಟ್ ಮುಗಿಯುವ ತನಕ ಯಾರೂ ಮುಟ್ಟಬಾರದು ಎಂದು ಹೇಳಿ ಹೋದರು. ಆ ಸೀಲಿನ ಅಂಟು ನೋಡಿ ನನಗೆ ನಗು ಬಂತು. ಅಂಥ ಅಂಟು ಹಾಕಿದರೆ ನಮ್ಮಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ.

ಕೇಳಿದ ಹಾಜರಿ ಪುಸ್ತಕ, ಪಾಲಿಸಿ, ಆಸ್ಪತ್ರೆ ಚೀಟಿ ಎಲ್ಲ ಈ ಕಟ್ಟಿನಲ್ಲಿವೆ. ಕೆಲಸದವರು ಇಬ್ಬರು ಎಂದು ಬರೆದಿದ್ದೇನೆ, ಮತ್ತೆ ಕೇಳಬೇಡಿ. ಕಟ್ಟಿದ ದಾರ ಒಳ್ಳೆಯ ಮೇಣದ ದಾರ. ಕತ್ತರಿಸಬೇಡಿ. ಬಿಚ್ಚಿ ಸುತ್ತಿ ವಾಪಸು ಕಳಿಸಿ.

ಬೈಂಡಿಂಗ್ ಅಂಗಡಿಯ ಯಜಮಾನಿ


ಫೆಬ್ರವರಿ 20

ಮಾನ್ಯರೇ,

ತಮ್ಮ ಫೆಬ್ರವರಿ 9ರ ಪತ್ರ ಹಾಗೂ ದಾಖಲೆಗಳ ಕಟ್ಟು ತಲುಪಿವೆ.

ಪರಿಶೀಲಿಸಲಾಗಿ, ತಮ್ಮ ಪಾಲಿಸಿಯು ಕೆಲಸಗಾರರಿಗೆ ಮಾತ್ರ ಅನ್ವಯಿಸುತ್ತದೆ. ಹಾಜರಿ ಪುಸ್ತಕದಲ್ಲಿ ಇಬ್ಬರು ಕೆಲಸಗಾರರಿದ್ದು, ಗಾಯಗೊಂಡವರು ಆ ಇಬ್ಬರಲ್ಲಿ ಒಬ್ಬರಲ್ಲ. ಆದ್ದರಿಂದ ಸದರಿಯವರು ಯಾವ ಹೊಣೆಯ ಮೇಲೆ ಯಂತ್ರದ ಬಳಿ ಇದ್ದರೆಂಬುದನ್ನು ತಿಳಿಸತಕ್ಕದ್ದು.

ಎರಡನೆಯದಾಗಿ, ಬ್ಲೇಡಿನ ಮುಂದೆ ಕೈ ಹೋಗದಂತೆ ತಡೆಯುವ ಅಡ್ಡಕಂಬಿಯು ಛಾಯಾಚಿತ್ರದಲ್ಲಿ ಮೇಲಕ್ಕೆತ್ತಿದ ಸ್ಥಿತಿಯಲ್ಲಿ ಕಂಡುಬರುತ್ತದೆ. ಅದನ್ನು ಮೇಲಕ್ಕೆತ್ತಿದವರು ಯಾರು ಎಂಬುದನ್ನೂ ತಿಳಿಸತಕ್ಕದ್ದು.

ಪರಿಶೋಧನೆ ಮುಗಿಯುವವರೆಗೆ ಯಂತ್ರವನ್ನು ಬಳಸುವುದಾಗಲಿ, ಮಾರುವುದಾಗಲಿ, ಸ್ಥಳಾಂತರಿಸುವುದಾಗಲಿ ಕೂಡದು.

ತಮ್ಮ ವಿಶ್ವಾಸಿ,
ಪರಿಶೋಧನಾ ವಿಭಾಗ, ಎರಡನೇ ಮಹಡಿ


ಫೆಬ್ರವರಿ 27

ಎರಡನೇ ಮಹಡಿಯ ಸಾಹೇಬರೇ,

ಅಲ್ಲಿಂದ ಕೆಳಗೆ ಬಗ್ಗಿ ನೋಡಿದರೆ ಮನುಷ್ಯರು ಇರುವೆಯ ಹಾಗೆ ಕಾಣುತ್ತಾರೆಯೇ? ಸದರಿಯವರು ಅಂತೆ! ಅವಳು ನನ್ನ ಸೊಸೆ. ನನ್ನ ಮಗ ಕೈಹಿಡಿದು ತಂದವಳು. ಮಗ ತೀರಿಹೋಗಿ ಎಂಟು ವರ್ಷವಾದರೂ ನನ್ನ ಬಿಟ್ಟು ಹೋಗದೆ ಉಳಿದವಳು. ಅವಳನ್ನು ಕೆಲಸದವಳು ಎಂದು ನನ್ನ ಕೈಯಿಂದಲೇ ಬರೆಸಬೇಕೆಂದಿದ್ದೀರಾ? ನಾಳೆ ನೀವು ನಿಮ್ಮ ಮನೆಯಾಕೆಯನ್ನು ಅಡುಗೆಯವಳು ಎಂದು ಬರೆದು, ಮುದ್ರೆ ಒತ್ತಿ, ಸಂಜೆ ಮನೆಗೆ ಹೋಗಿ ನೋಡಿ. ಬಾಗಿಲು ತೆಗೆದರೆ ನನಗೆ ಕಾಗದ ಹಾಕಿ.

ನಿಮ್ಮ ಫಾರಂನಲ್ಲಿ ಕೆಲಸದವರು ಎಷ್ಟು ಎಂದು ಕೇಳಿದ್ದಿರಿ. ಕೆಲಸದವರು ಇಬ್ಬರು. ಒಬ್ಬರು ಹೊಲಿಗೆ ಮುದುಕಪ್ಪ, ಇನ್ನೊಬ್ಬಳು ರಟ್ಟು ಅಂಟಿಸುವ ಅಕ್ಕ. ಮನೆಯಲ್ಲಿ ಜನ ಎಷ್ಟು ಎಂದು ಕೇಳಿದ್ದರೆ ಸೊಸೆಯನ್ನು ಬರೆಯುತ್ತಿದ್ದೆ. ಕೇಳದ್ದನ್ನು ಬರೆಯಲು ನಾನೇನು ವಾಚಾಳಿಯೇ?

ಈ ಅಂಗಡಿ ಹೇಗಿದೆ ಎಂದು ನಿಮ್ಮ ಕ್ಯಾಮೆರಾದವರು ಹೇಳಲಿಲ್ಲವೇನೋ. ಕೆಳಗೆ ಒಂದೇ ಕೋಣೆ, ಮೇಲೆ ನಾವಿರುವ ಎರಡು ಕೋಣೆ. ಮೆಟ್ಟಿಲು ಇರುವುದು ಕೆಳಕೋಣೆಯ ಹಿಂದೆ. ಮಿಷನ್ನು ಇರುವುದು ಕೋಣೆಯ ನಟ್ಟನಡುವೆ. ನೀರಿಗೆ ಹೋಗಲಿ, ಬೀದಿಗೆ ಹೋಗಲಿ, ಅದರ ಮಗ್ಗುಲಲ್ಲಿ ಹೊಟ್ಟೆ ಎಳೆದುಕೊಂಡು ದಾಟಬೇಕು. ಓಡುತ್ತಿದ್ದಾಗ ಅದು ಇಷ್ಟು ದಪ್ಪ ಇರಲಿಲ್ಲ. ಸೀಲು ಹಾಕಿದ ಮೇಲೆ ದಿನಕ್ಕಿಷ್ಟು ಊದುತ್ತಿದೆ. ಮಾರುವಂತಿಲ್ಲ, ಓಡಿಸುವಂತಿಲ್ಲ, ಮೂಲೆಗೆ ತಳ್ಳುವಂತಿಲ್ಲ. ಅಂಚು ಕತ್ತರಿಸದ ಪುಸ್ತಕ ಯಾರು ತೆಗೆದುಕೊಳ್ಳುತ್ತಾರೆ? ಹೊಲಿದಿಟ್ಟ ಪುಸ್ತಕಗಳು ತಲೆ ಬಾಚದ ಮಕ್ಕಳ ಹಾಗೆ ಗೋಡೆಯುದ್ದಕ್ಕೂ ಕೂತಿವೆ.

ಡಾಕ್ಟರು ಬೆರಳಿನೊಳಗಿನ ಸಂಗತಿಯನ್ನು ನನಗೆ ಚಿತ್ರ ಬರೆದು ತೋರಿಸಿದರು. ಒಳಗೆ ಎಳೆಗಳಿರುತ್ತವಂತೆ. ಅವನ್ನು ಎಳೆದಾಗ ಬೆರಳು ಮಡಚುತ್ತದಂತೆ. ಇವಳದ್ದು ತುಂಡಾಗಿ ಒಳಗೆ ಸರಿದುಕೊಂಡಿವೆ. ಪೆಟ್ಟಾಗಿ ಐದು ತಿಂಗಳು ದಾಟಿದರೆ ಕೀಲು ಗಟ್ಟಿಯಾಗಿ, ಆಮೇಲೆ ಎಳೆ ಜೋಡಿಸಿದರೂ ಬೆರಳು ಮಡಚುವುದಿಲ್ಲ. ನಲವತ್ತನಾಲ್ಕು ವರ್ಷ ದಾರದ ಜೊತೆ ಬಾಳಿದವಳು ನಾನು. ಇದು ನನಗೆ ಚೆನ್ನಾಗಿ ಅರ್ಥವಾಯಿತು. ನಿಮಗೆ ಆಯಿತೋ ಇಲ್ಲವೋ ಲೆಕ್ಕ ಹಾಕಿ. ಜೂನ್ 12.

ಕಂಬಿ ಮೇಲಿತ್ತು. ಮೇಲಿರುವುದು ಮೇಲಿರುತ್ತದೆ. ಅದರಲ್ಲಿ ಕೇಳುವುದೇನಿದೆ?

ದಾರ ಇನ್ನೂ ಬಂದಿಲ್ಲ.

ಯಜಮಾನಿ


ಮಾರ್ಚ್ 11

ಮಾನ್ಯರೇ,

ಕುಟುಂಬದವರೆಂಬ ಒಂದೇ ಕಾರಣಕ್ಕೆ ಒಬ್ಬರು ಕೆಲಸಗಾರರಲ್ಲವೆಂದು ಪಾಲಿಸಿ ಹೇಳುವುದಿಲ್ಲ. ಅವರು ಪ್ರತಿದಿನ, ನಿಗದಿತವಾಗಿ, ಅಂಗಡಿಯ ಕೆಲಸವನ್ನೇ ಮಾಡುತ್ತಿದ್ದರೆಂದು ಸಾಬೀತಾದರೆ ಪರಿಗಣಿಸಬಹುದು. ಇದಕ್ಕಾಗಿ ಅವರ ಒಂದು ದಿನದ ಕೆಲಸವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ, ಗಂಟೆಗಂಟೆಗೆ, ತಾವೇ ಬರೆದು ಸಹಿ ಮಾಡಿ ಕಳಿಸತಕ್ಕದ್ದು. ಇಬ್ಬರು ಕೆಲಸಗಾರರ ಹೇಳಿಕೆಗಳನ್ನೂ ಲಗತ್ತಿಸತಕ್ಕದ್ದು.

ಅಡ್ಡಕಂಬಿಯ ಬಗ್ಗೆ ತಾವು ನೀಡಿದ ವಿವರಣೆ ಸಾಲದು.

ತಮ್ಮ ವಿಶ್ವಾಸಿ,
ಪರಿಶೋಧನಾ ವಿಭಾಗ

(ಕೆಳಗೆ ಪೆನ್ನಿನಲ್ಲಿ) ದಾರವನ್ನು ಬಿಚ್ಚಲು ಪ್ರಯತ್ನಿಸಿದೆ. ಆಗಲಿಲ್ಲ. ಕತ್ತರಿಸಬೇಕಾಯಿತು. ಕ್ಷಮಿಸಿ. ಮನೆಯಾಕೆಯ ಕುರಿತು ಬರೆದ ಭಾಗವನ್ನು ಕಡತಕ್ಕೆ ಸೇರಿಸಿಲ್ಲ.


ಮಾರ್ಚ್ 19

ಎರಡನೇ ಮಹಡಿಯವರೇ,

ಕತ್ತರಿಸಿದಿರಾ? ಒಂದು ದಾರ ಬಿಚ್ಚಲಾರದವರು ನಮ್ಮ ಕಷ್ಟ ಬಿಡಿಸುತ್ತೀರಿ! ಆಗಲಿ. ಕ್ಷಮಿಸಿ ಎಂದು ಬರೆದಿದ್ದೀರಿ. ನಿಮ್ಮ ಕಚೇರಿಯಿಂದ ಆ ಮಾತು ಬಂದದ್ದು ಇದೇ ಮೊದಲು. ಕಾಗದ ತಿರುಗಿಸಿ ತಿರುಗಿಸಿ ನೋಡಿದೆ.

ನೀವು ಕೇಳಿದ್ದನ್ನು ಬರೆಯಲು ಕೂತೆ. ನಾಲ್ಕು ಸಾಲಿನ ಕೆಲಸ, ಹಾಲು ಕಾಯುವಷ್ಟರಲ್ಲಿ ಮುಗಿಸೋಣ ಎಂದುಕೊಂಡೆ. ಬೆಳಿಗ್ಗೆ ಆರಕ್ಕೆ ಕೆಳಗಿಳಿದು ಅಂಟು ಕಾಸುತ್ತಾಳೆ. ಅದು ತಳ ಹತ್ತದ ಹಾಗೆ ಕಲಕುತ್ತಲೇ ಹಿಂದಿನ ದಿನದ ರಟ್ಟುಗಳ ಮೇಲಿನ ಭಾರ ಇಳಿಸುತ್ತಾಳೆ. ಏಳಕ್ಕೆ ಹಾಳೆ ಮಡಚಲು ಕೂರುತ್ತಾಳೆ. ಹದಿನಾರು ಪುಟದ್ದು ಒಂದು ಮಡಿಕೆ, ಗಂಟೆಗೆ ಇನ್ನೂರು ಮಡಿಕೆ. ನಡುವೆ ಎದ್ದು ಮೇಲೆ ಹೋಗಿ ನನಗೆ ಮಾತ್ರೆ ಕೊಡುತ್ತಾಳೆ. (ಇದು ಅಂಗಡಿ ಕೆಲಸವೋ ಮನೆ ಕೆಲಸವೋ ನೀವೇ ಹೇಳಿ.) ಒಂಬತ್ತಕ್ಕೆ ಮುದುಕಪ್ಪ ಬಂದರೆ ಅವರ ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ, ಅವರಿಗೆ ಕಣ್ಣು ಕಾಣುವುದಿಲ್ಲ. ಆಮೇಲೆ ಮಿಷನ್ನು. ಮಗ ಹೋದ ಮೇಲೆ ಮಿಷನ್ನು ಅವಳದೇ. ಊಟವಾದ ಮೇಲೆ ಮತ್ತೆ ಮಿಷನ್ನು. ಸಂಜೆ ಕತ್ತರಿಸಿದ ಅಂಚಿನ ಚೂರುಗಳನ್ನು ಗೋಣಿಗೆ ತುಂಬಿ, ಬ್ಲೇಡಿಗೆ ಎಣ್ಣೆ ಒರೆಸಿ, ಹಾಜರಿ ಪುಸ್ತಕದಲ್ಲಿ ಮುದುಕಪ್ಪ ಮತ್ತು ಅಕ್ಕನ ಹೆಸರಿನ ಮುಂದೆ ಗುರುತು ಹಾಕುತ್ತಾಳೆ.

ಇಲ್ಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ದಿನಾ ಹಾಜರಿ ಹಾಕಿದವಳು ಅವಳು. ಆ ಪುಸ್ತಕ ಹೊಲಿದವಳೂ ಅವಳೇ. ಅದರಲ್ಲಿ ಅವಳ ಹೆಸರಿಲ್ಲ.

ನನ್ನ ಕೆಲಸ ಬರೆದರೆ ಎಷ್ಟಾಗುತ್ತದೆ ಎಂದು ಪಕ್ಕದಲ್ಲಿ ಬರೆದು ನೋಡಿದೆ. ಕುರ್ಚಿಯಲ್ಲಿ ಕೂತು ಹೊಲಿಯುವುದು. ಬೈಯುವುದು. ಮುಗಿಯಿತು.

ಕೊನೆಗೆ ಹತ್ತೊಂಬತ್ತು ವರ್ಷದಿಂದ ಈ ಅಂಗಡಿಯ ಕೆಲಸಗಾರ್ತಿ ಎಂದು ಬರೆದು ಸಹಿ ಹಾಕಿದೆ. ಅವಳ ಮುಂದೆ ಇಟ್ಟೆ. ಎಡಗೈಯಲ್ಲಿ ಕಾಗದ ಹಿಡಿದು ಓದಿದಳು. ಅಪಘಾತ ಆದಾಗಿನಿಂದ ನನ್ನ ಜೊತೆ ಅವಳು ಹೆಚ್ಚು ಮಾತಾಡುವುದಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈಗ ಇಬ್ಬರದೂ ಅಲ್ಲದ ಕಾಲ.

"ತಪ್ಪಿದೆ" ಅಂದಳು.

"ಏನು ತಪ್ಪು? ಅಕ್ಷರವಾ?"

"ಹತ್ತೊಂಬತ್ತಲ್ಲ, ಇಪ್ಪತ್ತೊಂದು. ಮದುವೆಯಾಗಿ ಮೂರನೇ ದಿನ ಹಾಳೆ ಮಡಚೋಕೆ ಕೂರಿಸಿದ್ರಿ. ಎರಡು ವರ್ಷ ಎಲ್ಲಿ ನುಂಗಿಬಿಟ್ರಿ ಅತ್ತೆ?"

ತಿದ್ದಿದ್ದೇನೆ. ತಿದ್ದಿದ ಜಾಗದಲ್ಲಿ ಇನ್ನೊಂದು ಸಹಿ ಹಾಕಿದ್ದೇನೆ. ಮುದುಕಪ್ಪ, ಅಕ್ಕ, ಇಬ್ಬರ ಹೇಳಿಕೆಗಳೂ ಇವೆ. ಕಟ್ಟನ್ನು ಅಕ್ಕನ ಕೈಯಲ್ಲಿ ಕಟ್ಟಿಸಿದ್ದೇನೆ, ನಿಮಗೆ ಬಿಚ್ಚಲು ಬರಲಿ ಎಂದು.

ಈಗಲಾದರೂ ಒಪ್ಪಿಗೆ ಪತ್ರ ಕಳಿಸಿ.

ಯಜಮಾನಿ


ಏಪ್ರಿಲ್ 2

ಮಹಡಿಯವರೇ,

ಹದಿನೈದು ದಿನ ಆಯಿತು. ಸುದ್ದಿ ಇಲ್ಲ. ಅಂಚೆಯವನು ದಿನಾ ನಮ್ಮ ಬಾಗಿಲ ಮುಂದೆ ಸೈಕಲ್ ನಿಧಾನ ಮಾಡುತ್ತಾನೆ, ನನ್ನ ಮುಖ ನೋಡುತ್ತಾನೆ, ಏನೋ ತಪ್ಪು ಮಾಡಿದವನ ಹಾಗೆ ಮುಂದೆ ಹೋಗುತ್ತಾನೆ.

ಮೊನ್ನೆ ನಾನು ಆಸ್ಪತ್ರೆಗೆ ಚೀಟಿ ತರಲು ಹೋಗಿದ್ದಾಗ ನಿಮ್ಮ ಕ್ಯಾಮೆರಾದವರು ಮತ್ತೆ ಬಂದಿದ್ದರಂತೆ. ಏನಂದರು ಎಂದು ಸೊಸೆಯನ್ನು ಕೇಳಿದೆ. "ಏನಿಲ್ಲ, ಮಿಷನ್ ಅಳತೆ ತಗೊಂಡು ಹೋದ್ರು" ಅಂದಳು. ನಾನಿಲ್ಲದ ಹೊತ್ತು ನೋಡಿ ಬಂದು ಅಳತೆ ತೆಗೆಯುವುದು ಯಾಕೆ? ಅದೇನು ರಾತ್ರೋರಾತ್ರಿ ಬೆಳೆಯುವ ಗಿಡವೇ?

ಹೊಲಿಗೆ ಮುದುಕಪ್ಪ ದಿನಾ ಬರುತ್ತಾರೆ. ಹೊಲಿಯಲು ಏನಿಲ್ಲ. ಬೇರೆಲ್ಲೂ ಹೋಗಲು ಅವರಿಗೆ ಕಣ್ಣಿಲ್ಲ. ಬಂದು, ಸೂಜಿಗೆ ದಾರ ಹಾಕಿಸಿಕೊಂಡು, ಅದನ್ನು ಕೈಯಲ್ಲಿ ಹಿಡಿದು ಕೂತು, ಸಂಜೆ ಎದ್ದು ಹೋಗುತ್ತಾರೆ. ಈಗ ಸೂಜಿಗೆ ದಾರ ಪೋಣಿಸುವವಳು ನಾನು. ಸೊಸೆ ನೋಡುತ್ತಾಳೆ.

ಬರೆಯಿರಿ.


ಏಪ್ರಿಲ್ 10

ಮಾನ್ಯರೇ,

ಗಾಯಗೊಂಡವರನ್ನು ಕೆಲಸಗಾರರೆಂದು ಪರಿಶೋಧನೆಯಲ್ಲಿ ಒಪ್ಪಲಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ.

ಆದರೆ ಮಾರ್ಚ್ 30ರಂದು ನಮ್ಮ ಪರಿವೀಕ್ಷಕರ ಮುಂದೆ ಅವರು ನೀಡಿದ ಹೇಳಿಕೆ ಹೀಗಿದೆ: "ಅಡ್ಡಕಂಬಿಯನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿದವಳು ನಾನೇ. ಕೆಲಸ ಬೇಗ ಆಗಲೆಂದು ಕಟ್ಟಿದೆ. ಅಂಗಡಿಯ ಯಜಮಾನರಿಗೆ ಇದು ಗೊತ್ತಿರಲಿಲ್ಲ." ಎಡಗೈಯಲ್ಲಿ ಸಹಿ ಮಾಡಿರುತ್ತಾರೆ.

ಕೆಲಸಗಾರರು ತಾವಾಗಿಯೇ ರಕ್ಷಣಾ ಸಾಧನವನ್ನು ನಿಷ್ಕ್ರಿಯಗೊಳಿಸಿದಲ್ಲಿ ಪಾಲಿಸಿಯಡಿ ಚಿಕಿತ್ಸೆಗೆ ಅವಕಾಶವಿಲ್ಲ. ಈ ಹೇಳಿಕೆಯ ಆಧಾರದ ಮೇಲೆ ಏಪ್ರಿಲ್ 30ಕ್ಕೆ ಕಡತವನ್ನು ಮುಕ್ತಾಯಗೊಳಿಸಬೇಕಾಗುತ್ತದೆ. ತಾವು ಹೇಳುವುದೇನಾದರೂ ಇದ್ದಲ್ಲಿ ಅದಕ್ಕೆ ಮುಂಚೆ ತಿಳಿಸತಕ್ಕದ್ದು.

ತಮ್ಮ ವಿಶ್ವಾಸಿ,
ಪರಿಶೋಧನಾ ವಿಭಾಗ


ಏಪ್ರಿಲ್ 15

ಸಾಹೇಬರೇ,

ಕಾಗದ ಬಂತು. ಅವಳು ಹಾಗೆ ಹೇಳಿದ್ದಾಳೆ ಎಂದರೆ ಹೇಳಿದ್ದಾಳೆ. ಯಾಕೆಂದು ನಾನು ಕೇಳಲಿಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದೇವೆ. ಅವಳು ಬೀದಿ ಕಡೆಗೆ ಮುಖ ಮಾಡಿದ್ದಾಳೆ, ನಾನು ಗೋಡೆ ಕಡೆಗೆ.

ಈ ಸಲ ಬೇರೆ ಒಂದು ವಿಷಯ ಕೇಳುತ್ತೇನೆ. ನನಗೆ ಗೊತ್ತಿರುವವರದು ಒಂದು ಅಂಗಡಿ ಇದೆ. ನಮ್ಮದಲ್ಲ. ಅಲ್ಲಿಯೂ ಇಂಥದೇ ಮಿಷನ್ನು. ಅಲ್ಲಿ ಕಂಬಿ ಕಟ್ಟಿದ್ದು ಕೆಲಸದವರಲ್ಲ, ಅಂಗಡಿಯವರೇ ಎಂದಿಟ್ಟುಕೊಳ್ಳಿ. ಆಗ ಕೈ ಕಳೆದುಕೊಂಡವರಿಗೆ ಏನಾಗುತ್ತದೆ? ಅಂಗಡಿಗೆ ಏನಾಗುತ್ತದೆ? ಅಂಗಡಿಯವರಿಗೆ ವಯಸ್ಸಾಗಿದೆ. ಅವರು ಕೇಳಲು ನಾಚಿಕೊಂಡರು, ಅದಕ್ಕೆ ನಾನು ಕೇಳುತ್ತಿದ್ದೇನೆ.

ಬೇಗ ಬರೆಯಿರಿ. ಅವರು ಕಾಯುತ್ತಿದ್ದಾರೆ.


ಏಪ್ರಿಲ್ 27

ಅಮ್ಮನವರೇ,

ಈ ಪತ್ರವನ್ನು ಬೆರಳಚ್ಚು ಮಾಡಿಸಿಲ್ಲ. ಕಚೇರಿಯ ಪ್ರತಿಯೂ ಇಟ್ಟಿಲ್ಲ.

ತಮಗೆ ಗೊತ್ತಿರುವ ಆ ಅಂಗಡಿಯವರಿಗೆ ಹೀಗೆ ತಿಳಿಸಿ. ಕಂಬಿ ಕಟ್ಟಿದ್ದು ಅವರೇ ಎಂದಾದರೆ ಕೈಗೆ ಪೆಟ್ಟಾದವರಿಗೆ ಚಿಕಿತ್ಸೆ ಸಿಗುತ್ತದೆ. ಅವರ ತಪ್ಪಲ್ಲವೆಂದು ಬರೆಯಲು ನಮಗೆ ದಾರಿಯಾಗುತ್ತದೆ. ಆಮೇಲೆ ಆ ಖರ್ಚನ್ನು ವಸೂಲಿ ಮಾಡಲು ಕಂಪನಿ ಅಂಗಡಿಯವರ ಮೇಲೆ ತಿರುಗಿ ಬೀಳುತ್ತದೆ. ಪಾಲಿಸಿ ಮುಂದುವರಿಯುವುದಿಲ್ಲ. ಮಿಷನ್ನಿನ ಸೀಲನ್ನು ಯಾವಾಗ ತೆಗೆಯುತ್ತಾರೋ, ತೆಗೆಯುತ್ತಾರೋ ಇಲ್ಲವೋ, ನಾನು ಹೇಳಲಾರೆ. ಸುಳ್ಳು ಭರವಸೆ ಕೊಡುವುದಿಲ್ಲ.

ಇನ್ನೊಂದು ವಿಷಯ. ಕತ್ತರಿಸಿದ ತಮ್ಮ ದಾರ ನನ್ನ ಮೇಜಿನ ಖಾನೆಯಲ್ಲಿದೆ. ಅದನ್ನು ಬಿಚ್ಚಲು ನಾನು ಅರ್ಧ ಗಂಟೆ ಒದ್ದಾಡಿದ್ದೆ. ಎಲ್ಲರೂ ಬಲಕ್ಕೆ ಸುತ್ತುವ ಕಡೆ ಅದು ಎಡಕ್ಕೆ ಸುತ್ತಿತ್ತು. ಹಾಗೆ ಒದ್ದಾಡಿದ ಗಂಟು ಮರೆಯುವುದಿಲ್ಲ. ಮಾರ್ಚ್‌ನಲ್ಲಿ ಬಂದ ಎರಡನೇ ಕಟ್ಟಿನ ಗಂಟು ಹಾಗಿರಲಿಲ್ಲ, ಕೈ ಇಡುತ್ತಿದ್ದಂತೆ ಬಿಚ್ಚಿಕೊಂಡಿತು. ಛಾಯಾಚಿತ್ರದಲ್ಲಿ ಕಂಬಿಗೆ ಕಟ್ಟಿರುವ ಗಂಟನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ, ಅದೂ ಎಡಕ್ಕೇ ಸುತ್ತಿದೆ. ಸೊಸೆಯವರು ಹುಟ್ಟಿನಿಂದ ಬಲಗೈಯವರೆಂದು ಆಸ್ಪತ್ರೆಯ ಚೀಟಿಯಲ್ಲಿದೆ.

ಫೋಟೋ ನೋಡಿದವನೂ ನಾನೇ, ದಾರ ನೋಡಿದವನೂ ನಾನೇ. ಎರಡನ್ನೂ ಸೇರಿಸಿ ಬರೆಯಲು ನಮ್ಮ ಫಾರಂನಲ್ಲಿ ಕಾಲಂ ಇಲ್ಲ. ಹೇಳಿಕೆಯಲ್ಲಿ ಇಲ್ಲದ್ದನ್ನು ನಾನು ನೋಡಿದ್ದೇನೆಂದು ಬರೆಯುವಂತಿಲ್ಲ. ಇದು ಮಾರ್ಚ್‌ನಿಂದಲೂ ನನಗೆ ಗೊತ್ತಿತ್ತು. ಸೊಸೆಯವರ ಹೇಳಿಕೆ ಬಂದ ದಿನ ಆ ಕಡತವನ್ನು ಮುಚ್ಚಿಟ್ಟು ಬೇರೆ ಕಡತ ತೆಗೆದೆ. ಎಷ್ಟು ದಿನ ಹಾಗೆ ಮಾಡಲಾದೀತು?

ಏಪ್ರಿಲ್ 30ಕ್ಕೆ ಮುಗಿಸಬೇಕಿದ್ದ ಕಡತಕ್ಕೆ ಮೇ 31ರವರೆಗೆ ಅವಧಿ ಕೇಳಿ ಪಡೆದಿದ್ದೇನೆ. ಇನ್ನೊಮ್ಮೆ ಕೇಳಿದರೆ ಕೊಡುವುದಿಲ್ಲ.

ಎರಡನೇ ಮಹಡಿ


ಮೇ 6

ಎರಡನೇ ಮಹಡಿಯ ತಮ್ಮಾ,

ಇನ್ನು ಸಾಹೇಬರೇ ಗೀಹೇಬರೇ ಸಾಕು. ನಿನ್ನ ವಯಸ್ಸು ನನಗೆ ಗೊತ್ತಿಲ್ಲ. ಅರ್ಧ ಗಂಟೆ ನನ್ನ ಗಂಟಿನ ಜೊತೆ ಗುದ್ದಾಡಿದವನಿಗೆ ನೀವು ಎಂದು ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ನಿನ್ನ ಕಾಗದ ಓದಿ ಎರಡು ದಿನ ಮೆಟ್ಟಿಲು ಇಳಿಯಲಿಲ್ಲ. ಮಂಡಿ ನೋವು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಮಂಡಿ ಮುಟ್ಟಿಕೊಂಡೆ. ಅಷ್ಟೇ ವ್ಯತ್ಯಾಸ.

ಆ ಅಂಗಡಿ ಬೇರೆಯವರದಲ್ಲ. ನಿನಗೆ ಗೊತ್ತು.

ಆರು ವರ್ಷದಿಂದ ದಿನಾ ಬೆಳಿಗ್ಗೆ ಆ ಕಂಬಿಯನ್ನು ಎತ್ತಿ ನನ್ನ ಎಡಗೈಯಿಂದ ಕಟ್ಟುತ್ತಿದ್ದವಳು ನಾನು. ಒಂದೊಂದು ಸಲ ಕತ್ತರಿಸಿದಾಗಲೂ ಅದನ್ನು ಇಳಿಸಬೇಕು, ಎತ್ತಬೇಕು. ಕುರ್ಚಿಯಲ್ಲಿ ಕೂತು ಅದರ ಟಕಟಕ ಕೇಳುತ್ತಾ, ಪ್ರತಿ ಟಕ್ಕಿಗೂ ಒಂದು ಪುಸ್ತಕ ಹಿಂದೆ ಬಿತ್ತು ಎಂದು ಎಣಿಸುತ್ತಿದ್ದೆ. ಒಂದು ದಿನ ಎದ್ದು ಹೋಗಿ ಕಟ್ಟಿದೆ. ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆರು ವರ್ಷ ಆಗದ್ದನ್ನು ಆಗುವುದಿಲ್ಲ ಎಂದೇ ಲೆಕ್ಕ ಹಿಡಿದೆ. ಸಂಜೆ ಅವಳು ಎಣ್ಣೆ ಒರೆಸುವಾಗ ಬಿಚ್ಚುತ್ತಿದ್ದಳು. ನನ್ನ ಗಂಟು ಬಿಚ್ಚಲು ಬರುವುದು ಈ ಲೋಕದಲ್ಲಿ ಅವಳಿಗೊಬ್ಬಳಿಗೆ.

ಜನವರಿ 12ರಂದು ಪರೀಕ್ಷೆಯ ಉತ್ತರ ಪುಸ್ತಕಗಳ ಕೆಲಸ ಇತ್ತು. ಹಿಂದಿನ ದಿನ ತಂದ ಕಾಗದ ತೆಳು, ಬ್ಲೇಡಿನ ಕೆಳಗೆ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಹೇಳಿದಳು:

"ಅತ್ತೆ, ಇವತ್ತು ಕಂಬಿ ಇಳಿಸ್ತೀನಿ. ಕಾಗದ ಸರಿ ಇಲ್ಲ. ನಂಗೆ ಭಯ ಆಗ್ತಿದೆ."

ನಾನು ಸೂಜಿಯಿಂದ ತಲೆ ಎತ್ತಲಿಲ್ಲ.

"ಇಳಿಸು. ಇಳಿಸಿ ಸಂಜೆವರೆಗೂ ಅಲ್ಲೇ ನಿಂತ್ಕೊಂಡು ಪೂಜೆ ಮಾಡು" ಅಂದೆ.

ಇದು ಯಾವ ಫಾರಂನಲ್ಲಿಯೂ ಇಲ್ಲ ತಮ್ಮಾ. ಮುದುಕಪ್ಪ ಕೇಳಿಸಿಕೊಂಡರು, ಹೇಳಲಿಲ್ಲ. ಅಕ್ಕ ಕೇಳಿಸಿಕೊಂಡಳು, ಹೇಳಲಿಲ್ಲ. ಸೊಸೆಯಂತೂ ಹೇಳಲೇ ಇಲ್ಲ. ನಾಲ್ಕು ತಿಂಗಳು ಎಲ್ಲರೂ ನನಗಾಗಿ ಬಾಯಿ ಮುಚ್ಚಿಕೊಂಡಿದ್ದರು. ಊರಿಗೆಲ್ಲ ಬಾಯಿ ಹಾಕುವ ನಾನು ಅದನ್ನು ಗೌರವ ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಇಳಿದು ಹೋಗಿ ಅವಳ ಎದುರು ಕೂತೆ.

"ಯಾಕೆ ಹಾಗೆ ಹೇಳಿದೆ ಅವರ ಮುಂದೆ?"

"ಹಾಗೆ ಅಂದ್ರೆ?"

"ನಾಟಕ ಬೇಡ. ಕಂಬಿ ನೀನು ಕಟ್ಟಿದ್ದು ಅಂತ."

ಅವಳು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಡಾಕ್ಟರು ದಿನಕ್ಕೆ ನೂರು ಸಲ ಹಾಗೆ ಮಾಡಲು ಹೇಳಿದ್ದಾರೆ. ಬಿಟ್ಟ ಕೂಡಲೇ ಅವು ನೆಟ್ಟಗಾದವು.

"ನೀವು ಅಂತ ಹೇಳಿದ್ರೆ ಅಂಗಡಿ ಹೋಗುತ್ತೆ. ಮುದುಕಪ್ಪನ್ನ ಯಾರು ಇಟ್ಕೋತಾರೆ? ನಿಮ್ಮನ್ನ ಯಾರು ಇಟ್ಕೋತಾರೆ?"

"ನನ್ನ ವಿಷಯ ಬಿಡು. ನಿನ್ನ ಕೈ?"

"ಅಂಗಡಿ ಇಲ್ದೆ ಹೋದ್ರೆ ಈ ಕೈ ಯಾವ ಕೆಲಸಕ್ಕೆ ಅತ್ತೆ? ಇಪ್ಪತ್ತೊಂದು ವರ್ಷ ಇದಕ್ಕೆ ಬೇರೆ ಏನು ಕಲಿಸಿದ್ದೀರಿ?"

ಒಪ್ಪಿಕೊಂಡರೆ ಅಂಗಡಿ ಹೋಗುತ್ತದೆ, ಸುಮ್ಮನಿದ್ದರೆ ಕೈ ಹೋಗುತ್ತದೆ. ಎರಡು ರಟ್ಟಿನ ನಡುವೆ ಇಟ್ಟು ಮೇಲೆ ಭಾರ ಹೇರಿದ ಹಾಳೆಯ ಹಾಗೆ ಇದ್ದೇವೆ. ಆದರೆ ಒಂದು ಮಾತು ನನಗೆ ಗೊತ್ತು. ಅಂಗಡಿ ನಾನು ಕಟ್ಟಿದ್ದು, ಅದು ನಾನು ಮಾಡಿದ್ದಕ್ಕೆ ಹೋದರೆ ಹೋಗಲಿ. ಕೈ ಅವಳ ತಾಯಿ ಹೆತ್ತದ್ದು.

ಈ ಕಾಗದ ಬರೆಯುತ್ತೇನೆ ಎಂದು ಹೇಳಿದಾಗ ಅವಳಿಗೆ ಸಿಟ್ಟು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಜಗಳ ಮಾಡಿದಳು.

"ಈ ಮನೇಲಿ ಇಪ್ಪತ್ತೊಂದು ವರ್ಷಕ್ಕೆ ಒಂದೇ ಒಂದು ಸುಳ್ಳು ಹೇಳಿದ್ದೆ. ಅದನ್ನೂ ಕೆಡಿಸಿಬಿಟ್ರಿ! ಒಂದು ಕೆಲಸಾನಾದ್ರೂ ನನ್ನ ಪಾಡಿಗೆ ಮಾಡೋಕೆ ಬಿಡ್ತೀರಾ ನೀವು?"

ಬೈಸಿಕೊಂಡೆ. ಹೊಸ ಅನುಭವ. ಮುದುಕಪ್ಪ ಸೂಜಿ ಹಿಡಿದು ಕೂತಲ್ಲೇ ನಕ್ಕರು, ಕಣ್ಣು ಕಾಣದಿದ್ದರೇನು, ಕಿವಿ ನೆಟ್ಟಗಿದೆ.

ಬೇರೆ ಹಾಳೆಯಲ್ಲಿ ನನ್ನ ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ಕಂಬಿ ಕಟ್ಟಿದವಳು ನಾನು, ಇಳಿಸುತ್ತೇನೆ ಎಂದವಳನ್ನು ತಡೆದವಳು ನಾನು, ಅವಳು ಕೊಟ್ಟ ಹೇಳಿಕೆ ನನ್ನನ್ನು ಉಳಿಸಲು ಕೊಟ್ಟದ್ದು. ಮುದುಕಪ್ಪ ಹೆಬ್ಬೆಟ್ಟು ಒತ್ತಿದ್ದಾರೆ, ಅಕ್ಕ ಸಹಿ ಹಾಕಿದ್ದಾಳೆ. ಸೊಸೆ ಹಾಕುವುದಿಲ್ಲ ಎಂದಳು, ಬಲವಂತ ಮಾಡಲಿಲ್ಲ. ಹೊಸ ಹಾಜರಿ ಪುಸ್ತಕವನ್ನೂ ಇಟ್ಟಿದ್ದೇನೆ. ಅದರಲ್ಲಿ ಮೊದಲ ಹೆಸರು ಅವಳದು. ಅಂಚು ಕತ್ತರಿಸಿಲ್ಲ, ಕಾರಣ ನಿನಗೆ ಗೊತ್ತು.

ಎಲ್ಲವನ್ನೂ ನನ್ನ ಕೈಯಿಂದಲೇ ಕಟ್ಟಿದ್ದೇನೆ. ಈ ಗಂಟನ್ನು ಮೇಜಿನ ಮೇಲಿಟ್ಟು ಮಿಷನ್ನಿನ ಫೋಟೋ ಪಕ್ಕದಲ್ಲಿಡು. ನಿನ್ನ ಮೇಲಿನವರನ್ನೂ ಕರೆದು ತೋರಿಸು. ಕಾಲಂ ಇಲ್ಲ ಎಂದರೆ ಅಂಚಿನಲ್ಲಿ ಬರೆ. ಕತ್ತರಿಸಬೇಡ, ಬಿಚ್ಚುವುದು ಹೀಗೆ. ದೊಡ್ಡ ಕುಣಿಕೆಯನ್ನು ಮುಟ್ಟಬೇಡ, ಅದು ಮೋಸ. ಅದರ ಕೆಳಗೆ ಎಡಗಡೆ ಒಂದು ಸಣ್ಣ ತುದಿ ಅಡಗಿರುತ್ತದೆ. ಅದನ್ನು ಹಿಡಿದು ನಿನ್ನ ಕಡೆಗೆ ಅಲ್ಲ, ಆಚೆ ಕಡೆಗೆ ತಳ್ಳು. ತಾನಾಗಿ ಬಿಚ್ಚಿಕೊಳ್ಳುತ್ತದೆ. ನಲವತ್ತನಾಲ್ಕು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಕೊಟ್ಟಿಲ್ಲ. ಸೊಸೆ ನೋಡಿ ಕಲಿತಳು.

ಆಸ್ಪತ್ರೆಯವರು ಜೂನ್ ಮೊದಲ ವಾರ ಒಂದು ದಿನ ಹಿಡಿದಿಟ್ಟಿದ್ದಾರೆ, ನಿಮ್ಮ ಒಪ್ಪಿಗೆ ಪತ್ರ ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ನನ್ನ ಮೇಲೆ ಏನು ಬೇಕಾದರೂ ಹಾಕಿಕೊಳ್ಳಿ, ಅದು ಆಮೇಲೆ. ಅವಳ ಪತ್ರ ಮೊದಲು. ರಜೆ, ಮೇಲಿನವರ ಸಹಿ, ಆ ಕಡತ ಈ ಕಡತ ಎಂದು ಒಂದು ನೆಪವೂ ಬೇಡ. ಬರುವ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ಈ ಬಾಗಿಲಿಗೆ ಬಂದಿರಬೇಕು. ದಾರವನ್ನೂ ಸುತ್ತಿ ಜೊತೆಗೇ ಕಳಿಸು.